ಐವತ್ತರ ಅಪವರ್ತನಗಳು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವುದು ಇಪ್ಪತ್ತು ನಿಮಿಷ. ಸಾಫ್ಟ್‌ವೇರ್ ಕೆಲಸದವನು, ಕಂಪ್ಯೂಟರಿನ ವಿಷಯವೋ ಬೆಂಗಳೂರಿನ ಕಂಪನಿಗಳ ವಿಷಯವೋ ಹೇಳುತ್ತಾನೆ ಎಂದು ಸಮಿತಿಯವರು ಅಂದುಕೊಂಡಿದ್ದರು. ನಾನು ಆರಿಸಿಕೊಂಡಿರುವುದು ಆರನೆಯ ತರಗತಿಯ ಗಣಿತ. ಅಪವರ್ತನ, ಅಪವರ್ತ್ಯ, ಅವಿಭಾಜ್ಯ ಸಂಖ್ಯೆ, ಲ.ಸಾ.ಅ., ಮ.ಸಾ.ಅ. ಹಿಂದಿನ ಸಾಲಿನಲ್ಲಿ ಯಾರೋ ಈಗಲೇ ನಕ್ಕರು. ನಗಲಿ. ಈ ಪದಗಳನ್ನು ಕೇಳಿದರೆ ಇನ್ನೂ ಹೊಟ್ಟೆಯಲ್ಲಿ ಸಂಕಟವಾಗುವವರು ಈ ಸಭೆಯಲ್ಲಿ ಇದ್ದಾರೆ ಎಂಬುದು ನನಗೆ ಗೊತ್ತು. ಅವರಿಗಾಗಿಯೇ ಈ ವಿಷಯ.

ಮೊದಲು ಇವತ್ತಿನ ಸಂಖ್ಯೆಯಿಂದಲೇ ಶುರು ಮಾಡೋಣ. ನಮ್ಮ ಶಾಲೆಗೆ 50 ವರ್ಷ. ಐವತ್ತನ್ನು ಶೇಷ ಉಳಿಯದಂತೆ ಭಾಗಿಸುವ ಸಂಖ್ಯೆಗಳು ಯಾವುವು? 1, 2, 5, 10, 25, 50. ಇವು ಐವತ್ತರ ಅಪವರ್ತನಗಳು. ಇದನ್ನೇ ತಿರುಗಿಸಿ ಹೇಳಿದರೆ, ಐವತ್ತು ಈ ಆರು ಸಂಖ್ಯೆಗಳ ಅಪವರ್ತ್ಯ. ಮಗ್ಗಿಯ ಭಾಷೆಯಲ್ಲಿ ಹೇಳುವುದಾದರೆ ಐದರ ಮಗ್ಗಿಯಲ್ಲಿ, ಹತ್ತರ ಮಗ್ಗಿಯಲ್ಲಿ, ಇಪ್ಪತ್ತೈದರ ಮಗ್ಗಿಯಲ್ಲಿ ಐವತ್ತು ಬರುತ್ತದೆ. ಇನ್ನು ಒಡೆಯಲಾಗದ ತುಂಡುಗಳವರೆಗೆ ಒಡೆದರೆ 50 = 2 × 5 × 5.

ಈ ಐವತ್ತಕ್ಕೆ ಒಂದು ವಿಶೇಷವೂ ಇದೆ. 1729 ಎಂಬ ರಾಮಾನುಜನ್ ಸಂಖ್ಯೆಯ ಕಥೆ ನಿಮಗೆಲ್ಲ ಗೊತ್ತು. ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು: 1ರ ಘನ ಕೂಡಿಸು 12ರ ಘನ, ಇಲ್ಲವೆ 9ರ ಘನ ಕೂಡಿಸು 10ರ ಘನ. ಘನದ ಬದಲು ವರ್ಗ ಎಂದು ಕೇಳಿದರೆ ಉತ್ತರ ನಮ್ಮ ಐವತ್ತು. 1 + 49 = 50, 25 + 25 = 50. ಸೊನ್ನೆಯನ್ನು ಬಳಸದೆ ಎರಡು ವರ್ಗಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಇದೇ. ಮಕ್ಕಳು ಮನೆಗೆ ಹೋಗಿ ಐವತ್ತಕ್ಕಿಂತ ಚಿಕ್ಕ ಸಂಖ್ಯೆ ಸಿಗುತ್ತದೆಯೇ ಎಂದು ಹುಡುಕಿ ನೋಡಲಿ. ಸಿಗುವುದಿಲ್ಲ, ಆದರೆ ಹುಡುಕುವುದರಲ್ಲಿ ಒಂದಿಷ್ಟು ಅಭ್ಯಾಸವಾಗುತ್ತದೆ.

ಅಪವರ್ತನ ಎಂದರೆ ಪುಸ್ತಕದ ವಿಷಯ ಎಂದು ಹಿರಿಯರು ಭಾವಿಸಬಾರದು. ನಿಮ್ಮ ಹೊಲದ ಪಹಣಿಯಲ್ಲಿ ಅದು ಕೂತಿದೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಒಂದು ಎಕರೆಯನ್ನು ಇಬ್ಬರು ಅಣ್ಣತಮ್ಮಂದಿರಿಗೆ ಪಾಲು ಮಾಡಿದರೆ ತಲಾ 20 ಗುಂಟೆ. ನಾಲ್ವರಿಗಾದರೆ 10, ಐವರಿಗಾದರೆ 8. ಮೂವರಿಗೆ? ತಲಾ 13 ಗುಂಟೆ ಕೊಟ್ಟ ಮೇಲೆ ಒಂದು ಗುಂಟೆ ಉಳಿಯುತ್ತದೆ. ಅದನ್ನು 16 ಆಣೆ ಮಾಡಿ ತಲಾ 5 ಆಣೆ ಕೊಟ್ಟರೆ ಮತ್ತೆ ಒಂದು ಆಣೆ ಉಳಿಯುತ್ತದೆ. ಯಾಕೆ ಹೀಗೆ? 40 = 2 × 2 × 2 × 5, 16 = 2 × 2 × 2 × 2. ಎರಡರಲ್ಲೂ 3 ಎಂಬ ಅಪವರ್ತನ ಇಲ್ಲ. ಎಷ್ಟು ಸಲ ಆಣೆಗೆ ಇಳಿಸಿದರೂ ಇಲ್ಲದ ಮೂರು ಎಲ್ಲಿಂದ ಬರಬೇಕು?

ಆದರೆ ಅದೇ ಎಕರೆಯನ್ನು ಚದರ ಅಡಿಯಲ್ಲಿ ಲೆಕ್ಕ ಹಾಕಿ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ನಲವತ್ತು ಗುಂಟೆಗೆ 43,560. ಇದನ್ನು ಮೂರರಿಂದ ಭಾಗಿಸಿದರೆ ಸರಿಯಾಗಿ 14,520; ಒಂದು ಅಡಿಯೂ ಉಳಿಯುವುದಿಲ್ಲ. ಮೂವತ್ತಮೂರರ ಒಳಗೆ ಮೂರು ಅಡಗಿದೆ, ಅದಕ್ಕೆ. ಭೂಮಿ ಅದೇ, ಅಣ್ಣತಮ್ಮಂದಿರು ಅವರೇ. ಅಳತೆಯ ಅಪವರ್ತನ ಬದಲಾಯಿತು, ಜಗಳ ಮುಗಿಯಿತು.

ಹಳೆಯ ರೂಪಾಯಿಯ ಲೆಕ್ಕ ನೆನಪಿರುವ ಅಜ್ಜಂದಿರು ಇಲ್ಲಿದ್ದಾರೆ. 1957ರ ಏಪ್ರಿಲ್ 1ಕ್ಕೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂದರೆ ರೂಪಾಯಿಗೆ 192 ಪೈ. ಆ ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲಾ 5 ಆಣೆ 4 ಪೈ, ಒಂದು ಪೈಯೂ ಹೆಚ್ಚು ಕಡಿಮೆ ಇಲ್ಲ. ಈಗಿನ ನೂರು ಪೈಸೆಯ ರೂಪಾಯಿಯನ್ನು ಮೂವರಿಗೆ ಹಂಚಿದರೆ 33 ಪೈಸೆ ಕೊಟ್ಟು ಒಂದು ಪೈಸೆ ಕೈಯಲ್ಲಿ ಹಿಡಿದುಕೊಂಡು ನಿಲ್ಲಬೇಕು. ಗಂಟೆಗೆ ನಿಮಿಷ 100 ಅಲ್ಲದೆ 60 ಇರುವುದರ ಅನುಕೂಲವೂ ಇಂಥದ್ದೇ. ನೂರಕ್ಕೆ ಒಂಬತ್ತು ಅಪವರ್ತನಗಳು, ಅರವತ್ತಕ್ಕೆ ಹನ್ನೆರಡು. ಚಿಕ್ಕ ಸಂಖ್ಯೆಯಾದರೂ ಹಂಚಿಕೊಳ್ಳುವ ಗುಣ ಅರವತ್ತಕ್ಕೇ ಹೆಚ್ಚು.

ಈಗ ಮಕ್ಕಳಿಗೆ ಒಂದು ಒಗಟು. ನಮ್ಮ ಶಾಲೆಯ ಅಂಗಳದಲ್ಲಿ 50 ಬಲ್ಬುಗಳನ್ನು ಸಾಲಾಗಿ ಕಟ್ಟಿದ್ದಾರೆ ಅಂದುಕೊಳ್ಳಿ. ಒಂದೊಂದಕ್ಕೂ ಬೇರೆ ಬೇರೆ ಸ್ವಿಚ್ಚು. ಎಲ್ಲವೂ ಆರಿವೆ. ಐವತ್ತು ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ. ಮೊದಲನೆಯವಳು ಎಲ್ಲ ಸ್ವಿಚ್ಚುಗಳನ್ನೂ ಒತ್ತುತ್ತಾಳೆ. ಎರಡನೆಯವನು 2, 4, 6 ಹೀಗೆ ಎರಡರ ಅಪವರ್ತ್ಯಗಳನ್ನು ಮಾತ್ರ ಒತ್ತುತ್ತಾನೆ, ಉರಿಯುತ್ತಿದ್ದವು ಆರುತ್ತವೆ. ಮೂರನೆಯವಳು 3, 6, 9 ಒತ್ತುತ್ತಾಳೆ. ಉರಿಯುತ್ತಿದ್ದುದು ಆರುತ್ತದೆ, ಆರಿದ್ದು ಉರಿಯುತ್ತದೆ. ಹೀಗೆ ಐವತ್ತನೆಯವರು ಬಂದು ಐವತ್ತನೆಯ ಸ್ವಿಚ್ಚು ಒತ್ತಿದ ಮೇಲೆ ಎಷ್ಟು ಬಲ್ಬು ಉರಿಯುತ್ತಿರುತ್ತವೆ?

ಹನ್ನೆರಡನೆಯ ಬಲ್ಬನ್ನು ನೋಡೋಣ. ಅದನ್ನು ಮುಟ್ಟುವವರು 1, 2, 3, 4, 6 ಮತ್ತು 12ನೆಯ ಮಕ್ಕಳು. ಅಂದರೆ ಹನ್ನೆರಡರ ಅಪವರ್ತನಗಳೇ. ಆರು ಸಲ ಒತ್ತಿದ್ದರಿಂದ ಕೊನೆಗೆ ಆರಿರುತ್ತದೆ. ಒಂಬತ್ತನೆಯ ಬಲ್ಬನ್ನು 1, 3, 9 ಒತ್ತುತ್ತಾರೆ. ಮೂರು ಸಲ, ಆದ್ದರಿಂದ ಉರಿಯುತ್ತದೆ. ಅಪವರ್ತನಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ: ಹನ್ನೆರಡಕ್ಕೆ 1 ಮತ್ತು 12, 2 ಮತ್ತು 6, 3 ಮತ್ತು 4. ಒಂಬತ್ತರಲ್ಲಿ ಮೂರಕ್ಕೆ ಮೂರೇ ಜೋಡಿ. ಆದ್ದರಿಂದ ವರ್ಗ ಸಂಖ್ಯೆಗಳಿಗೆ ಮಾತ್ರ ಬೆಸ ಲೆಕ್ಕದಷ್ಟು ಅಪವರ್ತನಗಳಿರುತ್ತವೆ. 1, 4, 9, 16, 25, 36, 49, ಈ ಏಳು ಬಲ್ಬುಗಳು ಉರಿಯುತ್ತವೆ, ಉಳಿದ 43 ಆರಿರುತ್ತವೆ. ಬಲ್ಬು ಬೇಕಾಗಿಲ್ಲ. ಐವತ್ತು ಹುಣಸೆ ಬೀಜ ಸಾಲಾಗಿ ಇಟ್ಟು, ಒಂದು ಪಕ್ಕ ಉಜ್ಜಿ ಬಿಳಿ ಮಾಡಿಕೊಂಡು, ಮಗುಚಿ ಮಗುಚಿ ಆಡಬಹುದು.

ಇನ್ನು ಅವಿಭಾಜ್ಯ ಸಂಖ್ಯೆಗಳು. ಯಾವ ಸಂಖ್ಯೆಗೆ 1 ಮತ್ತು ತಾನು ಎಂಬ ಎರಡೇ ಅಪವರ್ತನಗಳಿವೆಯೋ ಅದು ಅವಿಭಾಜ್ಯ. ಎರಡಕ್ಕಿಂತ ಹೆಚ್ಚು ಇದ್ದರೆ ಸಂಯುಕ್ತ. ಒಂದಕ್ಕೆ ಒಂದೇ ಅಪವರ್ತನ. ಅದು ಎರಡೂ ಗುಂಪಿಗೆ ಸೇರದು. ಒಂದನ್ನು ಯಾಕೆ ಹೊರಗಿಟ್ಟರು ಎಂದು ಮಕ್ಕಳು ಕೇಳಬೇಕು. 50 = 2 × 5 × 5 ಎಂದು ಒಡೆಯುವುದಕ್ಕೆ ಇರುವುದು ಒಂದೇ ದಾರಿ, ಕ್ರಮ ಬದಲಿಸಬಹುದು ಅಷ್ಟೆ. ಇದನ್ನೇ ಹತ್ತನೆಯ ತರಗತಿಯಲ್ಲಿ ಅಂಕಗಣಿತದ ಮೂಲಭೂತ ಪ್ರಮೇಯ ಎನ್ನುತ್ತಾರೆ. ಒಂದನ್ನೂ ಅವಿಭಾಜ್ಯ ಎಂದು ಒಳಗೆ ಬಿಟ್ಟುಕೊಂಡರೆ 1 × 2 × 5 × 5, 1 × 1 × 2 × 5 × 5 ಎಂದು ದಾರಿಗಳಿಗೆ ಕೊನೆಯೇ ಇರುವುದಿಲ್ಲ. ಅದಕ್ಕೆ ಅದನ್ನು ಬಾಗಿಲಲ್ಲೇ ನಿಲ್ಲಿಸಿದರು.

ಎರಟೋಸ್ತನೀಸ್ ಎಂಬ ಗ್ರೀಕ್ ಪಂಡಿತ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿದ್ದವನು. ಅವಿಭಾಜ್ಯಗಳನ್ನು ಹುಡುಕಲು ಅವನ ಹೆಸರಿನಲ್ಲಿ ಒಂದು ಜರಡಿ ಇದೆ. ನೂರರವರೆಗೆ ಬರೆದು, ಒಂದನ್ನು ಹೊಡೆದು, ಎರಡನ್ನು ಉಳಿಸಿಕೊಂಡು ಅದರ ಅಪವರ್ತ್ಯಗಳನ್ನೆಲ್ಲ ಹೊಡೆಯಿರಿ. ಆಮೇಲೆ ಮೂರು, ಐದು, ಏಳು. ಅಷ್ಟೇ ಸಾಕು, ಹನ್ನೊಂದಕ್ಕೆ ಹೋಗಬೇಕಾಗಿಲ್ಲ. ಯಾಕೆಂದರೆ 11 × 11 ಆಗಲೇ ನೂರು ದಾಟಿತು; ನೂರರೊಳಗಿನ ಯಾವುದೇ ಸಂಯುಕ್ತ ಸಂಖ್ಯೆಗೆ ಹತ್ತಕ್ಕಿಂತ ಹೆಚ್ಚಿಲ್ಲದ ಒಂದು ಅಪವರ್ತನ ಇದ್ದೇ ಇರುತ್ತದೆ. ಜರಡಿಯಲ್ಲಿ ಉಳಿಯುವುದು 25 ಸಂಖ್ಯೆಗಳು. ಐವತ್ತರೊಳಗೆ 15. ಜರಡಿ ಹಿಡಿದವರಿಗೆ 51, 57, 87, 91 ಮೋಸ ಮಾಡಲಾರವು. ನೋಡಿದರೆ ಅವಿಭಾಜ್ಯದ ಹಾಗೆ ಕಾಣುತ್ತವೆ. 51 ಎಂದರೆ 3 × 17, 91 ಎಂದರೆ 7 × 13.

ಅವಿಭಾಜ್ಯಗಳು ಎಲ್ಲಾದರೂ ಮುಗಿಯುತ್ತವೆಯೇ? ಇಲ್ಲ ಎಂದು ಯೂಕ್ಲಿಡ್ ತೋರಿಸಿದ್ದಾನೆ. ನಿಮಗೆ ಗೊತ್ತಿರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ ಒಂದು ಕೂಡಿಸಿ. 2 × 3 × 5 × 7 + 1 = 211. ಇದನ್ನು ಪಟ್ಟಿಯಲ್ಲಿರುವ ಯಾವುದರಿಂದ ಭಾಗಿಸಿದರೂ ಶೇಷ ಒಂದು. ಅಂದರೆ ಪಟ್ಟಿಯಲ್ಲಿಲ್ಲದ ಇನ್ನೊಂದು ಅವಿಭಾಜ್ಯ ಇರಲೇಬೇಕು. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಒಂದು ಅವಿಭಾಜ್ಯ ಸಂಖ್ಯೆಯಲ್ಲಿ ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳಿವೆ. ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಪರೀಕ್ಷಿಸುವ ಹೊಸ ವಿಧಾನವೊಂದನ್ನು 2002ರಲ್ಲಿ ಇಡೀ ಜಗತ್ತಿಗೆ ಕೊಟ್ಟವರು ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಕೊನೆಯ ಇಬ್ಬರು ಆಗಷ್ಟೇ ಬಿ.ಟೆಕ್. ಮುಗಿಸಿದ್ದ ಹುಡುಗರು.

ಇನ್ನು ನಮ್ಮ ನಾಡಿನ ಮಾತು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಗಣಿತಸಾರ ಸಂಗ್ರಹ ಎಂಬ ಸಂಸ್ಕೃತ ಗ್ರಂಥ ಬರೆದರು. ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳ ಲ.ಸಾ.ಅ. ತೆಗೆದುಕೊಳ್ಳುವ ಕ್ರಮ ಅದರಲ್ಲಿದೆ. ಅವರು ಅದನ್ನು ನಿರುದ್ಧ ಎಂದು ಕರೆದರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರ ಗಣಿತ ಬರೆದ. ಗಣಿತ ಇಂಗ್ಲಿಷಿನಲ್ಲಿ ಓದಿದವರಿಗೆ ಮಾತ್ರ ಬರುತ್ತದೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಲ.ಸಾ.ಅ. ಯಾಕೆ ಬೇಕು? 5/12 ಮತ್ತು 7/18 ಕೂಡಿಸಬೇಕು ಅನ್ನಿ. ಛೇದಗಳನ್ನು ಸುಮ್ಮನೆ ಗುಣಿಸಿದರೆ 216. ಆಗ 174/216 ಎಂದು ಬಂದು ಮತ್ತೆ ಸಂಕ್ಷೇಪಿಸುವ ಕೆಲಸ. ಲ.ಸಾ.ಅ. 36 ಎಂದು ಕಂಡರೆ 15/36 + 14/36 = 29/36, ಒಂದೇ ಸಾಲು. ಮ.ಸಾ.ಅ. ಯಾಕೆ ಬೇಕು? ಆಗಸ್ಟ್ 15ರ ಕವಾಯತಿಗೆ 84 ಹುಡುಗರು, 60 ಹುಡುಗಿಯರು. ಬೇರೆ ಬೇರೆ ಸಾಲು, ಆದರೆ ಎಲ್ಲ ಸಾಲಿನಲ್ಲೂ ಒಂದೇ ಸಮ ಜನ ಇರಬೇಕು, ಸಾಲು ಆದಷ್ಟು ಉದ್ದ ಇರಬೇಕು. 84ರಲ್ಲಿ 60 ಹೋದರೆ 24. 60ನ್ನು 24ರಿಂದ ಭಾಗಿಸಿದರೆ ಶೇಷ 12. 24ನ್ನು 12ರಿಂದ ಭಾಗಿಸಿದರೆ ಶೇಷ ಸೊನ್ನೆ. ಉತ್ತರ ಹನ್ನೆರಡು: ಹುಡುಗರದು ಏಳು ಸಾಲು, ಹುಡುಗಿಯರದು ಐದು. ಇದು ಯೂಕ್ಲಿಡ್‌ನ ವಿಧಾನ. ದೈಹಿಕ ಶಿಕ್ಷಕರಿಗೆ ಮೈದಾನದಲ್ಲಿ ಬೇಕಾಗುವುದೂ, ಕಂಪ್ಯೂಟರಿನೊಳಗೆ ನಾವು ಬರೆಯುವುದೂ ಇದೇ.

ಅಮೆರಿಕದ ಪೂರ್ವ ಭಾಗದಲ್ಲಿ ಒಂದು ಬಗೆಯ ಜೀರುಂಡೆಗಳಿವೆ. ಕೆಲವು ಗುಂಪುಗಳು 13 ವರ್ಷಕ್ಕೊಮ್ಮೆ, ಕೆಲವು 17 ವರ್ಷಕ್ಕೊಮ್ಮೆ ನೆಲದೊಳಗಿಂದ ಹೊರಗೆ ಬರುತ್ತವೆ. ಎರಡೂ ಅವಿಭಾಜ್ಯ ಸಂಖ್ಯೆಗಳಾದ್ದರಿಂದ ಅವುಗಳ ಲ.ಸಾ.ಅ. 13 × 17 = 221. ಅಂಥ ಎರಡು ಗುಂಪುಗಳು 2024ರಲ್ಲಿ ಒಂದೇ ವರ್ಷ ಹೊರಗೆ ಬಂದವು. ಅದಕ್ಕೆ ಮೊದಲು ಆ ಎರಡೂ ಜೊತೆಯಾಗಿ ಬಂದಿದ್ದು 1803ರಲ್ಲಿ. ನನ್ನ ಕೆಲಸದಲ್ಲೂ ಇದೇ ಉಪಾಯ ಬಳಸುತ್ತೇವೆ. ಒಂದು ಕೆಲಸ 15 ನಿಮಿಷಕ್ಕೊಮ್ಮೆ, ಇನ್ನೊಂದು 20 ನಿಮಿಷಕ್ಕೊಮ್ಮೆ ನಡೆಯುವಂತೆ ಇಟ್ಟರೆ ಪ್ರತಿ 60 ನಿಮಿಷಕ್ಕೆ ಎರಡೂ ಒಟ್ಟಿಗೆ ಬಂದು ಯಂತ್ರದ ಮೇಲೆ ಭಾರ ಬೀಳುತ್ತದೆ. 17 ಮತ್ತು 19 ಎಂದು ಬದಲಿಸಿದರೆ ಅವು ಒಟ್ಟಿಗೆ ಬರುವುದು 323 ನಿಮಿಷಕ್ಕೊಮ್ಮೆ.

ಬೀಗದ ವಿಷಯ ಹೇಳದಿದ್ದರೆ ಈ ಮಾತು ಪೂರ್ತಿಯಾಗುವುದಿಲ್ಲ. 43 × 47 ಎಷ್ಟು ಎಂದು ಕೇಳಿದರೆ ಎಂಟನೆಯ ತರಗತಿಯ ಮಗು ಒಂದು ನಿಮಿಷದಲ್ಲಿ 2021 ಎನ್ನುತ್ತದೆ. ಅದೇ ಮಗುವಿಗೆ, 2021 ಯಾವ ಎರಡು ಅವಿಭಾಜ್ಯಗಳ ಗುಣಲಬ್ಧ ಎಂದು ಕೇಳಿ. ತುಂಬ ಹೊತ್ತು ಹಿಡಿಯುತ್ತದೆ. ಗುಣಿಸುವುದು ಸುಲಭ, ಒಡೆಯುವುದು ಕಷ್ಟ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಇದೇ ಸಂಗತಿಯ ಮೇಲೆ ಒಂದು ಗುಪ್ತಲಿಪಿ ಕಟ್ಟಿದರು. ಇಂಟರ್‌ನೆಟ್ಟಿನಲ್ಲಿ ಗುಟ್ಟು ಕಾಯುವ ಬೀಗಗಳಲ್ಲಿ ಅದು ಇವತ್ತಿಗೂ ಒಂದು. ಅದರಲ್ಲಿ ಸಾಮಾನ್ಯವಾಗಿ ಬಳಸುವ ಸಂಖ್ಯೆಗೆ 617 ಅಂಕಿಗಳಿರುತ್ತವೆ, ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧ ಅದು. ಆರನೆಯ ತರಗತಿಯ ಅಪವರ್ತನ ಮರ ಇಷ್ಟು ದೂರ ಬೇರು ಬಿಟ್ಟಿದೆ.

ಸಂಖ್ಯೆಗಳ ಬಗೆಗಳನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕೊಟ್ಟಿಗೆಯ ದನ ಎಣಿಸಿದರೆ ಸ್ವಾಭಾವಿಕ ಸಂಖ್ಯೆ. ಕೊಟ್ಟಿಗೆ ಖಾಲಿಯಾದರೆ ಸೊನ್ನೆ ಸೇರಿ ಪೂರ್ಣ ಸಂಖ್ಯೆ. ಅಂಗಡಿಯ ಸಾಲದ ಪುಸ್ತಕ ತೆಗೆದರೆ ಋಣ ಸೇರಿ ಪೂರ್ಣಾಂಕ. ಮೂವರಿಗೆ ಪಾಲು ಮಾಡಿದರೆ ಭಾಗಲಬ್ಧ ಸಂಖ್ಯೆ. ಒಂದು ಗುಂಟೆಯ ಚೌಕದ ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದರೆ 46 ಅಡಿ ದಾಟಿ, 47 ಮುಟ್ಟದೆ, ಯಾವ ಭಿನ್ನರಾಶಿಯಲ್ಲೂ ಸರಿಯಾಗಿ ಹೇಳಲಾಗದ ಉದ್ದ ಬರುತ್ತದೆ. ಅದು 33√2, ಅಭಾಗಲಬ್ಧ ಸಂಖ್ಯೆ. ಒಂದೊಂದು ಬಗೆಯೂ ಹಿಂದಿನ ಬಗೆಯಲ್ಲಿ ಉತ್ತರ ಸಿಗದ ಪ್ರಶ್ನೆಯಿಂದ ಹುಟ್ಟಿದೆ.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ಮಾತು.

ನಮ್ಮ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಕಟ್ಟಿ, ಗಣಿತ ಒಂದರಲ್ಲೇ ನಿಂತವರು ಪ್ರತಿ ವರ್ಷವೂ ಇದ್ದರು. ನನ್ನ ತರಗತಿಯಲ್ಲೂ ಇದ್ದರು. ಹುಡುಗರು ಮತ್ತೆ ಕಟ್ಟಿದರು, ಇಲ್ಲವೆ ಗ್ಯಾರೇಜಿಗೋ ಗಾರೆ ಕೆಲಸಕ್ಕೋ ಹೋಗಿ ದಾರಿ ಕಂಡುಕೊಂಡರು. ಹುಡುಗಿಯರಲ್ಲಿ ಹೆಚ್ಚಿನವರಿಗೆ ಎರಡನೆಯ ಸಲ ಕಟ್ಟುವ ಅವಕಾಶವೇ ಸಿಗಲಿಲ್ಲ. ಆ ಫಲಿತಾಂಶವೇ ಅವರ ಮದುವೆಯ ಕಾಗದವಾಯಿತು. ಕನ್ನಡದಲ್ಲಿ, ಸಮಾಜದಲ್ಲಿ, ವಿಜ್ಞಾನದಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವರು ಅವರಲ್ಲಿದ್ದರು. ಅವರಲ್ಲಿ ಕೆಲವರು ಈ ಸಭೆಯಲ್ಲೇ ಇದ್ದಾರೆ, ತಮ್ಮ ಮಕ್ಕಳನ್ನು ಕರೆತಂದಿದ್ದಾರೆ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿದೆ, ಒಳ್ಳೆಯದು. ಆದರೆ ಹತ್ತನೆಯ ತರಗತಿಯಲ್ಲಿ ಕಾಣಿಸಿಕೊಳ್ಳುವ ಕಾಯಿಲೆ ಶುರುವಾಗುವುದು ಹತ್ತನೆಯ ತರಗತಿಯಲ್ಲಿ ಅಲ್ಲ.

ಹತ್ತನೆಯ ತರಗತಿಯ ಪುಸ್ತಕ ತೆಗೆದು ನೋಡಿ. x² − 11x + 24 = 0 ಎಂಬ ವರ್ಗ ಸಮೀಕರಣ ಬಿಡಿಸಬೇಕು. ಅದಕ್ಕೆ ಬೇಕಾದ್ದೇನು? ಗುಣಿಸಿದರೆ 24, ಕೂಡಿಸಿದರೆ 11 ಆಗುವ ಜೋಡಿ: 3 ಮತ್ತು 8. 24ರ ಅಪವರ್ತನಗಳು ನಾಲಿಗೆಯ ತುದಿಯಲ್ಲಿ ಇರುವ ಮಗುವಿಗೆ ಇದು ಅರ್ಧ ನಿಮಿಷದ ಕೆಲಸ. ಇಲ್ಲದ ಮಗು ಅಲ್ಲೇ ನಿಲ್ಲುತ್ತದೆ, ತನಗೆ ಬೀಜಗಣಿತ ಬರುವುದಿಲ್ಲ ಅಂದುಕೊಳ್ಳುತ್ತದೆ. ಅದಕ್ಕೆ ಬಾರದೆ ಇರುವುದು ಬೀಜಗಣಿತವಲ್ಲ, 24. √72 ಅನ್ನು 6√2 ಎಂದು ಬರೆಯಲು 72ರೊಳಗೆ 36 ಕಾಣಬೇಕು. 7/40ರ ದಶಮಾಂಶ ಮುಗಿಯುತ್ತದೋ ಇಲ್ಲವೋ ಹೇಳಲು 40ರಲ್ಲಿ 2 ಮತ್ತು 5 ಮಾತ್ರ ಇವೆ ಎಂದು ತಿಳಿಯಬೇಕು. ಬೇರೆ ಬೇರೆ ಅಧ್ಯಾಯ, ಕೀಲಿಕೈ ಒಂದೇ.

ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಕ್ಯಾಲ್ಕುಲೇಟರ್ ಕೇಳಿದ್ದಕ್ಕೆ ಉತ್ತರ ಹೇಳುತ್ತದೆ. ಏನು ಕೇಳಬೇಕು ಎಂಬುದನ್ನು ಹೇಳುವುದಿಲ್ಲ. 72ನ್ನು ನೋಡಿದಾಗ ಅದರೊಳಗೆ 8 ಮತ್ತು 9, 6 ಮತ್ತು 12, 36 ಮತ್ತು 2 ಕಾಣುವ ಕಣ್ಣು ಅಭ್ಯಾಸದಿಂದ ಮಾತ್ರ ಬರುತ್ತದೆ. ಕಾಳು ನೋಡಿ ರಾಗಿ ಬೆಳೆದಿದೆಯೋ ಇಲ್ಲವೋ ಹೇಳುವ ರೈತನ ಕಣ್ಣು ಹೇಗೆ ಬಂತೋ ಹಾಗೆ.

ನಮ್ಮ ಗಣಿತದ ಮೇಷ್ಟ್ರು ಅದನ್ನು ಹಾಜರಿ ಪುಸ್ತಕದಿಂದಲೇ ಮಾಡಿಸುತ್ತಿದ್ದರು. ಶನಿವಾರ ಬೆಳಿಗ್ಗೆ ಹಾಜರಿ ಕೂಗಿದಾಗ ಯಸ್ ಸಾರ್ ಎನ್ನುವಂತಿರಲಿಲ್ಲ. ನಮ್ಮ ನಮ್ಮ ಸಂಖ್ಯೆಯ ಅಪವರ್ತನಗಳನ್ನು ಹೇಳಬೇಕಿತ್ತು. 23ನೆಯವನು ಅವಿಭಾಜ್ಯ ಸಾರ್ ಎಂದು ಕೂತುಬಿಡುತ್ತಿದ್ದ. 48ನೆಯವಳು ಹತ್ತು ಸಂಖ್ಯೆ ಹೇಳಬೇಕಿತ್ತು. ಜೂನ್ ತಿಂಗಳಲ್ಲಿ ಅವಿಭಾಜ್ಯ ಸಂಖ್ಯೆ ಸಿಕ್ಕವರನ್ನು ಕಂಡರೆ ನಮಗೆಲ್ಲ ಹೊಟ್ಟೆಕಿಚ್ಚು. ದಸರಾ ರಜೆ ಬರುವ ಹೊತ್ತಿಗೆ ಇಡೀ ತರಗತಿಗೆ ಇಡೀ ತರಗತಿಯ ಅಪವರ್ತನಗಳು ಬಾಯಿಗೆ ಬಂದಿದ್ದವು. ಖರ್ಚು ಒಂದು ಪೈಸೆಯೂ ಇಲ್ಲ.

ಮಕ್ಕಳೆ, ನಿಮಗೆ ನಾನು ಹೇಳುವ ಅಭ್ಯಾಸ ದಿನಕ್ಕೆ ಹತ್ತು ನಿಮಿಷದ್ದು. ಮಗ್ಗಿಯನ್ನು ಮುಂದಕ್ಕೆ ಹೇಳುವುದರ ಜೊತೆಗೆ ಹಿಂದಕ್ಕೂ ಕೇಳಿಕೊಳ್ಳಿ. ಏಳೆಂಟ್ಲ ಐವತ್ತಾರು ಎಂದು ಹೇಳಿದರೆ ಅದು ಅಪವರ್ತ್ಯ. 56 ಯಾವ ಯಾವ ಮಗ್ಗಿಯಲ್ಲಿ ಬರುತ್ತದೆ ಎಂದು ಕೇಳಿಕೊಂಡರೆ ಅದು ಅಪವರ್ತನ. ಈ ಎರಡನೆಯ ಪ್ರಶ್ನೆಯನ್ನು ನಮ್ಮ ಶಾಲೆಗಳಲ್ಲಿ ಕಡಿಮೆ ಕೇಳುತ್ತೇವೆ. ಬಸ್ಸಿಗೆ ಕಾಯುವಾಗ ಎದುರಿಗೆ ಬಂದ ಗಾಡಿಯ ನಂಬರ್ ಒಡೆಯಿರಿ. 2345 ಬಂತು ಅನ್ನಿ. ಕೊನೆಗೆ 5 ಇದೆ, ಐದರಿಂದ ಹೋಗುತ್ತದೆ: 469. ಅದು ಏಳರಿಂದ ಹೋಗುತ್ತದೆ: 67. ಅರವತ್ತೇಳು ಅವಿಭಾಜ್ಯ, ಗಾಡಿ ದಾಟಿ ಹೋಗುವುದರೊಳಗೆ ಲೆಕ್ಕ ಮುಗಿಯಿತು. ತಿಂಗಳಿಗೊಮ್ಮೆ ನೂರರವರೆಗೆ ಜರಡಿ ಹಿಡಿಯಿರಿ.

ನಿಯಮ ಕಲಿತಾಗಲೆಲ್ಲ ಯಾಕೆ ಎಂದು ಕೇಳಿ. ಅಂಕಿಗಳ ಮೊತ್ತ ಒಂಬತ್ತರಿಂದ ಹೋದರೆ ಸಂಖ್ಯೆಯೂ ಹೋಗುತ್ತದೆ ಯಾಕೆ? 738 ಎಂದರೆ ಏಳು ನೂರು, ಮೂರು ಹತ್ತು, ಎಂಟು. ನೂರು ಎಂದರೆ 99 ಮತ್ತು 1. ಹತ್ತು ಎಂದರೆ 9 ಮತ್ತು 1. 99ಗಳೂ 9ಗಳೂ ತಾವಾಗಿಯೇ ಒಂಬತ್ತರಿಂದ ಹೋಗುತ್ತವೆ. ಉಳಿಯುವುದು 7, 3 ಮತ್ತು 8. ಮೊತ್ತ 18, ಅದೂ ಹೋಗುತ್ತದೆ. ಕಾರಣ ಗೊತ್ತಾದ ನಿಯಮ ಮರೆತರೂ ಮತ್ತೆ ಕಟ್ಟಿಕೊಳ್ಳಬಹುದು.

ತಂದೆ ತಾಯಂದಿರಲ್ಲಿ ಒಂದು ವಿನಂತಿ. ನಮ್ಮ ವಂಶಕ್ಕೇ ಲೆಕ್ಕ ಹತ್ತಲ್ಲ ಎಂಬ ಮಾತನ್ನು ಮಗುವಿನ ಎದುರಿಗೆ ಆಡಬೇಡಿ. ಡೇರಿಯ ಹಾಲಿನ ಲೆಕ್ಕ, ಸಂಘದ ಕಂತಿನ ಲೆಕ್ಕ, ಸಂತೆಯ ಲೆಕ್ಕ ಎಲ್ಲವನ್ನೂ ತಲೆಯಲ್ಲೇ ಮಾಡುವ ವಂಶ ನಮ್ಮದು. ನಿಮಗೆ ಅಪವರ್ತನ ಎಂಬ ಪದ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ರೊಟ್ಟಿ ತಟ್ಟುತ್ತಾ, ಮೂವತ್ತಾರು ಹೋಳಿಗೆಯನ್ನು ಎಷ್ಟು ಜನಕ್ಕೆ ಸಮವಾಗಿ ಬಡಿಸಬಹುದು ಹೇಳು ಎಂದು ಕೇಳಿ. ಮಗು ಒಂಬತ್ತು ಉತ್ತರ ಹೇಳುವವರೆಗೆ ಬಿಡಬೇಡಿ.

ಶಿಕ್ಷಕರಿಗೆ ಹೇಳುವಷ್ಟು ದೊಡ್ಡವನು ನಾನಲ್ಲ. ಎಂಟನೆಯ ತರಗತಿಗೆ ಬರುವ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಏಳರ ಮಗ್ಗಿ ಬಂದಿರುವುದಿಲ್ಲ, ಪಠ್ಯ ಮುಗಿಸುವ ಒತ್ತಡ ನಿಮ್ಮ ಮೇಲಿದೆ, ಅದು ನನಗೆ ಗೊತ್ತು. ಹಿಂದೆ ಹೋಗಿ ಕಲಿಸಲು ನಿಮಗೆ ಪೀರಿಯಡ್ಡು ಸಿಗುವುದಿಲ್ಲ. ಆ ಪೀರಿಯಡ್ಡನ್ನು ಹುಡುಕಿಕೊಡುವುದು ಹಳೆಯ ವಿದ್ಯಾರ್ಥಿಗಳಾದ ನಮ್ಮ ಕೆಲಸ.

ನನ್ನ ಜೊತೆ ಓದಿದವರೆ, ಈ ಸುವರ್ಣ ಮಹೋತ್ಸವಕ್ಕೆ ನಾವು ಕಮಾನು ಕಟ್ಟಿಸಿದ್ದೇವೆ, ಕಂಪ್ಯೂಟರ್ ಕೊಡಿಸಿದ್ದೇವೆ. ಅದರ ಜೊತೆಗೆ ಒಂದು ಲೆಕ್ಕ ಒಪ್ಪಿಕೊಳ್ಳೋಣ. ಊರಲ್ಲೇ ಇರುವವರು, ವಾರದ ಕೊನೆಗೆ ಬಂದು ಹೋಗುವವರು, ಬೆಂಗಳೂರಿನಿಂದ ಫೋನಿನಲ್ಲಿ ಮಾತಾಡಬಲ್ಲವರು, ಒಬ್ಬೊಬ್ಬರು ಇಬ್ಬಿಬ್ಬರು ಮಕ್ಕಳನ್ನು ವಹಿಸಿಕೊಳ್ಳಿ. ವಾರಕ್ಕೆ ಅರ್ಧ ಗಂಟೆ. ಪಠ್ಯ ಬೇಡ, ಟ್ಯೂಷನ್ ಬೇಡ. ಮಗ್ಗಿ, ಅಪವರ್ತನ, ಲ.ಸಾ.ಅ., ಭಿನ್ನರಾಶಿ, ಇಷ್ಟೇ. ಇಪ್ಪತ್ತೈದು ಜನ ಮುಂದೆ ಬಂದರೆ ಐವತ್ತು ಮಕ್ಕಳು. ಗಣಿತದಲ್ಲಿ ನಿಂತು ಶಾಲೆ ಬಿಟ್ಟ ನನ್ನ ಸಹಪಾಠಿಗಳೂ ಬನ್ನಿ. ಮಗು ಎಲ್ಲಿ ಎಡವುತ್ತದೆ ಎಂಬುದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಊಟದ ಚಪ್ಪರದ ಪಕ್ಕದಲ್ಲಿ ಒಂದು ಪುಸ್ತಕ ಇಟ್ಟಿದ್ದೇನೆ. ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದಿದ್ದೇನೆ. ಕೆಳಗೆ ಇನ್ನೂ ಇಪ್ಪತ್ತನಾಲ್ಕು ಸಾಲು ಖಾಲಿ ಇವೆ.